ಸ್ಪಂಜು ತೊಳೆಯಲು ಕಲಿಸಿದವರಿಗೆ ಧನ್ಯವಾದ

ಅಕ್ವೇರಿಯಂ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬಾರದೆಂದು ತಿಳಿಸಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು. ಮೀನುಗಳು ಹೊರಬಿಡುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಆ ಕಂದುಬಣ್ಣದ, ಲೋಳೆ ಹಿಡಿದ ಸ್ಪಂಜಿನಲ್ಲೇ ನೆಲೆಸಿರುತ್ತವೆಂದೂ, ನಲ್ಲಿನೀರಿನ ಕ್ಲೋರಿನ್ ಅವನ್ನು ಕೊಲ್ಲಬಲ್ಲದೆಂದೂ ತಾವು ಬಿಡಿಸಿ ಹೇಳಿದಿರಿ. ಅಷ್ಟಕ್ಕೇ ಬಿಡದೆ, ತೊಟ್ಟಿಯಿಂದಲೇ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಅದನ್ನು ಮೆಲ್ಲಗೆ ಅದ್ದಿ, ಹಿಂಡಿ ತೋರಿಸಿದಿರಿ. ಪುಸ್ತಕ ಓದಿದರೂ ಇಷ್ಟು ಮನದಟ್ಟಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಸುಮಾರು ಕಾಲುಭಾಗ ನೀರನ್ನಷ್ಟೇ ಬದಲಿಸಿ, ಹೊಸ ನೀರಿನ ಕ್ಲೋರಿನ್ ನಿವಾರಿಸಿ, ಅದರ ಉಷ್ಣತೆಯನ್ನು ಹಳೆಯ ನೀರಿಗೆ ಹೊಂದಿಸಿದ ಮೇಲೆಯೇ ಸುರಿಯಬೇಕೆಂಬ ತಮ್ಮ ಮಾತನ್ನೂ ತಪ್ಪದೆ ಪಾಲಿಸುತ್ತಿದ್ದೇನೆ. ಆಹಾರವನ್ನು ಮಿತವಾಗಿ ಹಾಕಬೇಕೆಂಬ ಸಲಹೆಗೆ ಮಾತ್ರ ಮನೆಯ ಮಕ್ಕಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.