ಬ್ರೇಕ್ ಹಾಕಿದವನ ಅಂಕ ಕಳೆಯುವ ಮುನ್ನ

ಮಾನ್ಯ ಸಂಪಾದಕರೇ,

ಚಾಲಕರ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿಬಿಟ್ಟರೆ ಗಾಡಿ ಓಡಿಸುವ ರೀತಿ ತಾನಾಗಿಯೇ ಸುಧಾರಿಸುತ್ತದೆ ಎಂದು ವಿಮೆ ಮಾಡಿಸುವವರಿಂದ ಹಿಡಿದು ಗಾಡಿ ಮಾರುವವರವರೆಗೆ ಈಗ ಎಲ್ಲರೂ ಹೇಳುತ್ತಿದ್ದಾರೆ. ಓಡಿಸುವ ರೀತಿ ನೋಡಿ ಕಂತು ನಿಗದಿ ಮಾಡುವ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ನಾವು ತಿಕೋಟಾದಿಂದ ಒಣದ್ರಾಕ್ಷಿ ಸಾಗಿಸುವವರು. ನಮ್ಮ ಪಿಕಪ್ ಗಾಡಿಗಳು ಅಥಣಿ, ಕಾಗವಾಡ, ಮಿರಜ ಹಾದು ಸಾಂಗಲಿ, ತಾಸಗಾಂವ ಪೇಟೆಗೆ ಹೋಗುತ್ತವೆ. ನಮ್ಮ ಚಾಲಕರ ಮೊಬೈಲಿನಲ್ಲೂ ಇಂಥದ್ದೊಂದು ಆ್ಯಪ್ ಇದೆ. ಅದರ ವರದಿಯನ್ನು ವಾರಕ್ಕೊಮ್ಮೆ ಅವರನ್ನು ಕೂರಿಸಿಕೊಂಡು ಓದುವವಳು ನಾನು. ಆ ಅನುಭವದ ಮೇಲೆ ನಾಲ್ಕು ಮಾತು.

ಆ್ಯಪ್‌ನ ಕೆಲಸ ಸರಳ. ವೇಗದ ಏರಿಳಿತವನ್ನೂ ತಿರುವನ್ನೂ ಅಳೆಯುವ ಸಂವೇದಕಗಳು ಮೊಬೈಲಿನೊಳಗೇ ಇರುತ್ತವೆ, ಗಾಡಿ ಎಲ್ಲಿದೆ ಎಂಬುದನ್ನು ಜಿಪಿಎಸ್ ಹೇಳುತ್ತದೆ. ಗಕ್ಕನೆ ಬ್ರೇಕ್ ಹಾಕಿದರೆ, ಮಿತಿ ಮೀರಿ ಓಡಿಸಿದರೆ, ಓಡುವ ಗಾಡಿಯಲ್ಲಿ ಮೊಬೈಲ್ ಕೈಗೆತ್ತಿಕೊಂಡರೆ ನೂರರಲ್ಲಿ ಇಷ್ಟಿಷ್ಟು ಅಂಕ ಕಡಿತ. ಮೊಬೈಲ್ ಯಾರ ಜೇಬಿನಲ್ಲಿದೆ ಎಂಬುದು ಮಾತ್ರ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ರಜೆಯ ಮೇಲೆ ಬಸ್ಸಿನಲ್ಲಿ ಊರಿಗೆ ಹೋದ ನಮ್ಮ ಹುಡುಗನಿಗೆ ಆ ದಿನದ್ದೂ ಅಂಕ ಬಂದಿತ್ತು. ತೀರಾ ಕಡಿಮೆ ಅಂಕ! ಬಸ್ ಓಡಿಸಿದವರ ಪಾಪ ಇವನ ಖಾತೆಗೆ ಜಮೆಯಾಗಿತ್ತು.

ಇಂಥ ತಪ್ಪುಗಳನ್ನು ನಕ್ಕು ಬಿಡಬಹುದು. ನಗಲಾಗದ ಸಂಗತಿ ಬೇರೆ ಇದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿ–ಕಾಗವಾಡ ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಅಂಚು ಮೀರಿ ಹೇರಿದ ಕಬ್ಬು. ಹಿಂದೆ ಜೋತುಬಿದ್ದ ಸೋಗೆ ಕೆಂಪು ದೀಪವನ್ನು ಮುಚ್ಚಿರುತ್ತದೆ, ದೀಪ ಇದ್ದರೆ. ಹಚ್ಚಿದ ರೇಡಿಯಂ ಪಟ್ಟಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಮುಂದೆ ಟ್ರ್ಯಾಕ್ಟರಿನಲ್ಲಿ ಹಾಡು ಎಷ್ಟು ಜೋರು ಎಂದರೆ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಈ ಕಬ್ಬಿನ ಗುಡ್ಡ ಗಾಡಿಯ ಮೂತಿಯ ಮುಂದೆಯೇ ಪ್ರತ್ಯಕ್ಷವಾಗುತ್ತದೆ. ಚಾಲಕ ಬ್ರೇಕ್ ಮೇಲೆ ನಿಲ್ಲುತ್ತಾನೆ. ಜೀವ ಉಳಿಯುತ್ತದೆ, ಆ್ಯಪ್ ಅಂಕ ಕಳೆಯುತ್ತದೆ.

ನಮ್ಮಲ್ಲಿರುವ ಹಿರಿಯ ಚಾಲಕರು ಒಮ್ಮೆ ವರದಿ ಕೇಳಿಸಿಕೊಂಡು, "ಅಕ್ಕಾವರೇ, ಬ್ರೇಕ್ ಹಾಕಿದರೆ ಅಂಕ ಹೋಗುತ್ತದೆ, ಹಾಕದಿದ್ದರೆ ಗಾಡಿ ಹೋಗುತ್ತದೆ. ನಿಮಗೆ ಯಾವುದು ಬೇಕು ಹೇಳಿಬಿಡಿ" ಎಂದರು. ಅಂಕ ನೋಡಿ ಪಗಾರ ಕಡಿಯುವ ಮಾಲೀಕರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಅಂಕಕ್ಕೆ ಹೆದರಿ ಬ್ರೇಕ್ ಮೇಲಿನ ಕಾಲು ಅರೆಕ್ಷಣ ಹಿಂಜರಿದರೂ ಆ ಆ್ಯಪ್ ಇದ್ದು ಏನು ಉಪಯೋಗ?

ಹಾಗೆಂದು ಅದನ್ನು ತೆಗೆದುಹಾಕಿ ಎನ್ನುತ್ತಿಲ್ಲ. ನಾನು ಮೊದಲು ನೋಡುವುದು ಒಟ್ಟು ಅಂಕವನ್ನಲ್ಲ, ಮೊಬೈಲ್ ಮುಟ್ಟಿದ ಲೆಕ್ಕವನ್ನು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ. ಮೂರು ಸೆಕೆಂಡು ಪರದೆ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ. ದಾರಿ ನೋಡುವುದಕ್ಕಷ್ಟೇ, ಅದೂ ಗಮನ ಕೆಡದಂತೆ, ಮೊಬೈಲ್ ಬಳಸಬಹುದು ಎಂದು ಕೇಂದ್ರದ ನಿಯಮ 2020ರ ಅಕ್ಟೋಬರಿನಿಂದ ಇದೆ. ಕೈಯಲ್ಲಿ ಹಿಡಿದು ಮಾತನಾಡುವುದು ಅಪರಾಧ. ಆದರೆ ಆ ಕರೆ ಮಾಡುವವರು ಯಾರು? ಮಾಲು ಕಾಯುತ್ತಿರುವ ವ್ಯಾಪಾರಿ, ದಲಾಲಿ, ಮಾಲೀಕರು. "ಎಲ್ಲಿಗೆ ಬಂದಿರಿ?" ಎಂದು ಅರ್ಧ ಗಂಟೆಗೊಮ್ಮೆ ಕೇಳುವವರಿಗೆ ಯಾವ ಆ್ಯಪ್ ಕೂಡ ಅಂಕ ಹಾಕುವುದಿಲ್ಲ. ಈಗ ನಾವು ಗಾಡಿ ಬಿಡುವ ಮುಂಚೆಯೇ ಚಾಲಕರ ವಾಟ್ಸ್ಆ್ಯಪ್‌ನಿಂದ ವ್ಯಾಪಾರಿಗೆ ಲೈವ್ ಲೊಕೇಶನ್ ಕಳಿಸಿಬಿಡುತ್ತೇವೆ. ಎಂಟು ಗಂಟೆಯವರೆಗೆ ಅದು ತೋರಿಸುತ್ತಲೇ ಇರುತ್ತದೆ, ತಾಸಗಾಂವ ಮುಟ್ಟಲು ಅಷ್ಟು ಸಾಕು. ಜೊತೆಗೆ ಮೊಬೈಲಿನ ಡ್ರೈವಿಂಗ್ ಮೋಡ್ ಹಾಕಿದರೆ ರಿಂಗ್ ಆಗುವುದೂ ನಿಲ್ಲುತ್ತದೆ. ಚಾಲಕನಿಗೆ ಬೈದು ಆಗದ ಕೆಲಸ ಇದರಿಂದ ಆಗಿದೆ.

ಇನ್ನು ಗಕ್ಕನೆ ಬ್ರೇಕ್ ಹಾಕಿದ ಜಾಗಗಳನ್ನು ಆ್ಯಪ್ ನಕ್ಷೆಯ ಮೇಲೆ ಕೆಂಪು ಚುಕ್ಕಿಯಾಗಿ ತೋರಿಸುತ್ತದೆ. ಬೇರೆ ಬೇರೆ ಚಾಲಕರ ಚುಕ್ಕಿಗಳು ಒಂದೇ ಕಡೆ ಗುಂಪಾಗಿ ಬೀಳುವುದನ್ನು ನೋಡಿದ್ದೇನೆ: ಕಬ್ಬಿನ ದಾರಿ ಮುಖ್ಯ ರಸ್ತೆಗೆ ಸೇರುವಲ್ಲಿ, ಬಣ್ಣವೂ ಇಲ್ಲದ, ಫಲಕವೂ ಇಲ್ಲದ ರಸ್ತೆ ಉಬ್ಬಿನ ಬಳಿ. ಅವರೆಲ್ಲರೂ ಒಟ್ಟಿಗೆ ಅಲ್ಲಿಯೇ ಕೆಟ್ಟ ಚಾಲಕರಾಗುತ್ತಾರೆಯೇ?

ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗ ಅಪಘಾತ ವಲಯ ಎನಿಸಿಕೊಳ್ಳಬೇಕಾದರೆ ಸುಮಾರು 500 ಮೀಟರ್ ಅಂತರದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತವಾಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಪೊಲೀಸರು ಅಪಘಾತದ ವಿವರ ತುಂಬುವ 'ಐರಾಡ್' ತಂತ್ರಾಂಶ ಐಐಟಿ ಮದ್ರಾಸ್ ರೂಪಿಸಿದ್ದು, ಮೊದಲ ಹಂತದಲ್ಲಿಯೇ ಕರ್ನಾಟಕಕ್ಕೆ ಬಂತು. ಒಳ್ಳೆಯದೇ. ಆದರೆ ಅದರಲ್ಲಿ ದಾಖಲಾಗುವುದು ಅಪಘಾತ ಆದ ಮೇಲೆ. ಹೆಣ ಬೀಳುವ ಮುಂಚೆಯೇ ಜಾಗ ತೋರಿಸುವ ಚುಕ್ಕಿಗಳು ಆ್ಯಪ್ ಕಂಪನಿಗಳ ಬಳಿ ಇವೆ. ಅವು ವಿಮೆಯ ಕಂತು ಏರಿಸಲಿಕ್ಕೆ ಮಾತ್ರ ಬಳಕೆಯಾಗುವುದು ಯಾವ ನ್ಯಾಯ?

ವಿಜಯಪುರ ಮತ್ತು ಬೆಳಗಾವಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗಳು ಈ ಮಾಹಿತಿಯನ್ನು ಚಾಲಕರ ಹೆಸರು, ಗಾಡಿ ಸಂಖ್ಯೆ ತೆಗೆಸಿ ತರಿಸಿಕೊಳ್ಳಬೇಕು. ಹೆಸರು ತೆಗೆಯಲೇಬೇಕು, ಕೆಲಸ ಮುಗಿದ ಮೇಲೆ ಚಾಲಕ ಎಲ್ಲಿಗೆ ಹೋದ ಎಂಬುದು ಕಂಪನಿಗೂ ಬೇಡ, ನನಗೂ ಬೇಡ. ಕಬ್ಬಿನ ಹಂಗಾಮು ಆರಂಭವಾಗುವ ಮೊದಲು ಚುಕ್ಕಿ ಗುಂಪಾದ ಕಡೆಗೆ ಎಂಜಿನಿಯರುಗಳು ಒಮ್ಮೆ ರಾತ್ರಿ ಹೊತ್ತು ಹೋಗಿ ನೋಡಲಿ. ಹಿಂದಿನ ದೀಪ, ರೇಡಿಯಂ ಇಲ್ಲದ ಟ್ರೇಲರನ್ನು ತೂಕದ ಕಟ್ಟೆ ಹತ್ತಿಸಬಾರದು ಎಂದು ಸಕ್ಕರೆ ಕಾರ್ಖಾನೆಗಳಿಗೆ ಜಿಲ್ಲಾಧಿಕಾರಿಗಳು ತಾಕೀತು ಮಾಡಲಿ.

ನಮ್ಮ ಗಾಡಿಗಳ ನಕ್ಷೆಯನ್ನು ಮುದ್ರಿಸಿ ಕೊಡಲು ನಾನು ತಯಾರಿದ್ದೇನೆ, ಚಾಲಕರೂ ಒಪ್ಪಿದ್ದಾರೆ. ಯಾವ ಕಚೇರಿಯ ಯಾವ ಮೇಜಿಗೆ ತಲುಪಿಸಬೇಕು ಎಂಬುದನ್ನು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯ ಮೂಲಕವೇ ತಿಳಿಸಲಿ.

– ಸರಕು ಸಾಗಣೆ ವಾಹನಗಳ ಮಾಲಕಿ, ತಿಕೋಟಾ, ವಿಜಯಪುರ ಜಿಲ್ಲೆ