ಪರಿಷೆಗೆ ಹೋಗುವ ಮುಂಚೆ

ಪ್ರೀತಿಯ ಪುಟ್ಟಿ,

ಪಾಪುವನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗ್ತೀನಿ ಅಂದೆಯಲ್ಲ, ಖಂಡಿತ ಹೋಗು. ಆದರೆ ಒಂದೇ ಒಂದು ಬೀಜವೂ ಅವನ ಬಾಯಿಗೆ ಬೀಳಬಾರದು. ಯಾರಾದರೂ ಅಕ್ಕರೆಯಿಂದ ಕೈಗಿಟ್ಟರೂ ತೆಗೆದುಬಿಡು. ಅವರಿಗೆ ಬೇಜಾರಾದರೆ ಆಗಲಿ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಈ ವಿಷಯದಲ್ಲಿ ನನ್ನ ಮಾತು ಕೇಳು.

ಗಂಟಲಿನಿಂದ ಕೆಳಕ್ಕೆ ಎರಡು ದಾರಿ. ಮುಂದಿನದು ಉಸಿರಿಗೆ, ಹಿಂದಿನದು ಅನ್ನಕ್ಕೆ. ನುಂಗುವಾಗ ಉಸಿರಿನ ದಾರಿಯನ್ನು ಒಂದು ಪುಟ್ಟ ಮುಚ್ಚಳ ಕಾಯುತ್ತದೆ. ನಗುತ್ತಾ, ಅಳುತ್ತಾ, ಓಡುತ್ತಾ ತಿಂದರೆ ಅದು ತಪ್ಪುತ್ತದೆ. ಪಾಪುವಿಗೆ ದವಡೆ ಹಲ್ಲು ಇನ್ನೂ ಪೂರ್ತಿ ಬಂದಿಲ್ಲ. ಮುಂದಿನ ಹಲ್ಲಲ್ಲಿ ಬೀಜ ಕಚ್ಚುತ್ತಾನೆ, ಅರೆಯಲಾರ. ಅವನ ಶ್ವಾಸನಾಳವೋ ಅವನ ಕಿರುಬೆರಳಿನಷ್ಟೇ ದಪ್ಪ.

ಪೂರ್ತಿ ಅಡ್ಡ ಸಿಕ್ಕಿಕೊಂಡರೆ ಸದ್ದೇ ಬರುವುದಿಲ್ಲ. ಅಳುವುದಿಲ್ಲ, ಕೆಮ್ಮುವುದಿಲ್ಲ, ತುಟಿ ನೀಲಿಯಾಗುತ್ತದೆ. ನಾಲ್ಕೈದು ನಿಮಿಷ ಗಾಳಿ ಹೋಗದಿದ್ದರೆ ಮಿದುಳಿಗೆ ಪೆಟ್ಟು. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ನಿನ್ನ ಕೈಯಲ್ಲೇ. ಪಕ್ಕದವರು 108ಕ್ಕೆ ಫೋನ್ ಮಾಡಲಿ.

ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡು, ಪಕ್ಕದಲ್ಲೇ ಇರು. ಕೆಮ್ಮು ಸೋತರೆ, ಅವನನ್ನು ತೊಡೆಯ ಮೇಲೆ ಮುಂದಕ್ಕೆ ಬಗ್ಗಿಸಿ, ಅಂಗೈಯ ಬುಡದಿಂದ ಬೆನ್ನಿಗೆ, ಎರಡು ರೆಕ್ಕೆಮೂಳೆಗಳ ನಡುವೆ, 5 ಸಲ ಬಿಗಿಯಾಗಿ ಹೊಡೆ. ಬರಲಿಲ್ಲವೇ? ಹಿಂದೆ ಮಂಡಿಯೂರಿ ಕೂತು ಅವನನ್ನು ತಬ್ಬಿ, ಹೊಕ್ಕುಳಿಗೂ ಎದೆಮೂಳೆಗೂ ನಡುವೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತು. ಹೊರಗೆ ಬರುವ ತನಕ ಬೆನ್ನು, ಹೊಟ್ಟೆ, ಮತ್ತೆ ಬೆನ್ನು. ನಿನ್ನ ಗೆಳತಿಯ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ ಅಲ್ವಾ, ಅಷ್ಟು ಚಿಕ್ಕವರಿಗೆ ಹೊಟ್ಟೆ ಒತ್ತಲೇಬಾರದು. ತಲೆ ಕೆಳಗಾಗುವಂತೆ ಹಿಡಿದು ಬೆನ್ನಿಗೆ ಹೊಡೆಯುವುದು, ಆಮೇಲೆ ಮಗುವನ್ನು ತಿರುಗಿಸಿ ಎದೆಯ ನಡುಮೂಳೆ ಒತ್ತುವುದು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್, ಅಂದರೆ ಎದೆ ಒತ್ತುತ್ತಾ ನಡುನಡುವೆ ಬಾಯಿಂದ ಉಸಿರು ಕೊಡುವುದು, ಶುರು ಮಾಡಬೇಕು.

ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡ, ಇನ್ನೂ ಒಳಕ್ಕೆ ನೂಕಿಬಿಡುತ್ತೀಯ. ನೀರು ಕುಡಿಸಬೇಡ. ಅಜ್ಜಿಯರು ನೆತ್ತಿ ತಟ್ಟುತ್ತಾರಲ್ಲ, ಅದರಿಂದ ಏನೂ ಹೊರಬರುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೇ.

ನನಗೆ ಇದಕ್ಕಿಂತ ಹೆದರಿಕೆ ಇನ್ನೊಂದರದು. ಕೆಲವೊಮ್ಮೆ ಬೀಜ ಇನ್ನೂ ಕೆಳಗೆ ಜಾರುತ್ತದೆ, ಹೆಚ್ಚಾಗಿ ಬಲ ಶ್ವಾಸಕೋಶಕ್ಕೆ, ಆ ಕವಲು ಅಗಲ, ನೇರ ಇರುವುದರಿಂದ. ಮಗು ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ, ಆಟಕ್ಕೂ ಹೋಗುತ್ತದೆ. ಮನೆಯವರು ಸದ್ಯ, ಹೋಯ್ತು ಅಂದುಕೊಳ್ಳುತ್ತಾರೆ. ಒಳಗೆ ಬೀಜ ನೆನೆದು ಉಬ್ಬುತ್ತದೆ, ಅದರ ಎಣ್ಣೆಯಿಂದ ಸುತ್ತಲೂ ಊತ. ಆಮೇಲೆ ಬಿಡದ ಕೆಮ್ಮು, ಗೊರಗೊರ, ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ತಿನ್ನುವಾಗ ಕೆಮ್ಮು ಬಂದಿತ್ತು ಅಂತ ನೀನು ಹೇಳದಿದ್ದರೆ ಡಾಕ್ಟರಿಗೆ ಹೊಳೆಯುವುದೂ ಕಷ್ಟ. ಹಾಗೇನಾದರೂ ಆದರೆ ಅವತ್ತೇ ಆಸ್ಪತ್ರೆಗೆ ಹೋಗು, ಹೇಳು. ಬ್ರಾಂಕೋಸ್ಕೋಪ್ ಕೊಳವೆ ಇಳಿಸಿ ತೆಗೆಯುತ್ತಾರೆ.

5 ವರ್ಷ ತುಂಬುವ ತನಕ ಇಡೀ ಬೀಜ ಬೇಡ. ಹುರಿಗಡಲೆ, ಸೀತಾಫಲದ ಬೀಜಕ್ಕೂ ಇದೇ ಮಾತು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡು. ಕಡಲೆಕಾಯಿ ರುಚಿ ತೋರಿಸಬೇಕಾದರೆ ನುಣ್ಣಗೆ ಪುಡಿ ಮಾಡಿ ಅನ್ನಕ್ಕೆ ಕಲಸು.

ಭಾನುವಾರ ಬರ್ತೀನಿ. ಒಂದು ದೊಡ್ಡ ಗೊಂಬೆ ತೆಗೆದಿಡು. ಪಾಪುವಿನ ಮೇಲೆ ಅಭ್ಯಾಸ ಮಾಡುವಂತಿಲ್ಲ. ನಿನಗೂ ಅಳಿಯಂದಿರಿಗೂ ತೋರಿಸುತ್ತೇನೆ. ನಿಮ್ಮತ್ತೆಯವರನ್ನೂ ಕೂರಿಸು, ಹಗಲೆಲ್ಲ ಅವನು ಇರುವುದು ಅವರ ಜೊತೆಗೇ.

ಇಂತಿ ನಿನ್ನ,
ಅಮ್ಮ