ರೂಟರ್ ಬೋರ್ಡ್ ಮೇನ್‌ಲೈನ್ ಕರ್ನಲ್ ಸೇರಿತು: ಕೈಜೋಡಿಸಿದವರಿಗೆಲ್ಲ ವಂದನೆ

ಎರಡು ಗಿಗಾಬಿಟ್ ಪೋರ್ಟ್‌ಗಳ, ರಾಕ್‌ಚಿಪ್ ಆರ್‌ಕೆ3568 ಚಿಪ್ ಇರುವ ನಮ್ಮ ಪುಟ್ಟ ರೂಟರ್ ಬೋರ್ಡ್‌ನ ಡಿವೈಸ್ ಟ್ರೀ (ಬೋರ್ಡ್‌ನಲ್ಲಿ ಯಾವ ಭಾಗ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ಕಡತ) ಈಗ ಮೇನ್‌ಲೈನ್‌ನಲ್ಲಿ, ಅಂದರೆ ಲಿನಕ್ಸ್‌ನ ಅಧಿಕೃತ ಮೂಲ ಕರ್ನಲ್‌ನಲ್ಲಿದೆ. ತಯಾರಕರು ಕೊಟ್ಟ ಹಳೆಯ ಕರ್ನಲ್‌ಗೆ ಇನ್ನು ಜೋತುಬೀಳಬೇಕಿಲ್ಲ. ಇದಕ್ಕಾಗಿ ದುಡಿದ ಮೈಸೂರು, ಮಂಡ್ಯದ ಗೆಳೆಯರಿಗೆ ಮನಸಾರೆ ವಂದನೆ.

ಮೊದಲು, ಬೋರ್ಡ್‌ನ ಬೂಟ್ ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ಓದಲು ಸರಿಯಾದ ಸೀರಿಯಲ್ ಅಡಾಪ್ಟರ್ ಒದಗಿಸಿದ ಸರಸ್ವತಿಪುರಂ ಗೆಳತಿಗೆ. ರಾಕ್‌ಚಿಪ್ ಕನ್ಸೋಲ್ ಸಾಮಾನ್ಯವಾಗಿ ಓಡುವುದು 15 ಲಕ್ಷ ಬಾಡ್‌ನಲ್ಲಿ (ಸೆಕೆಂಡಿಗೆ 15 ಲಕ್ಷ ಬಿಟ್). ಸುಲಭವಾಗಿ ಸಿಗುವ ಸಿಪಿ2102 ಅಡಾಪ್ಟರ್ ಹತ್ತು ಲಕ್ಷಕ್ಕೇ ನಿಲ್ಲುತ್ತದೆ, ತೆರೆಯ ಮೇಲೆ ಬರೀ ಕಸ. ಎಫ್‌ಟಿ232ಆರ್ ಆದರೆ ತೊಂದರೆಯಿಲ್ಲ. ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು), ಮೂರೇ ತಂತಿ. ವಿದ್ಯುತ್ತಿನ ತಂತಿ ಜೋಡಿಸಲೇಬೇಡಿ.

ಹೆಚ್ಚು ಕಾಡಿದ್ದು ಆರ್‌ಜಿಎಂಐಐ, ಅಂದರೆ ಮುಖ್ಯ ಚಿಪ್‌ನ ಈಥರ್ನೆಟ್ ಭಾಗವಾದ ಮ್ಯಾಕ್‌ಗೂ ಕೇಬಲ್ಲಿಗೆ ಸಂಕೇತ ಕಳಿಸುವ ಫೈ ಚಿಪ್‌ಗೂ ನಡುವಿನ ಸಂಪರ್ಕ. ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್, ಅದರ ಎರಡೂ ಅಂಚಿಗೆ ಡೇಟಾ ಬದಲಾಗುತ್ತದೆ, ಅಂದರೆ 4 ನ್ಯಾನೊಸೆಕೆಂಡಿಗೊಮ್ಮೆ. ಕ್ಲಾಕನ್ನು ಸುಮಾರು 2 ನ್ಯಾನೊಸೆಕೆಂಡ್ ತಡಮಾಡಿದರೆ ಡೇಟಾ ಸ್ಥಿರವಾಗಿರುವಾಗ ಓದು ನಡೆಯುತ್ತದೆ. ಮ್ಯಾಕ್, ಫೈ ಎರಡೂ ತಡ ಸೇರಿಸಿದರೆ 4, ಯಾವುದೂ ಸೇರಿಸದಿದ್ದರೆ ಸೊನ್ನೆ. ಎರಡರಲ್ಲೂ ಓದು ಡೇಟಾ ಬದಲಾಗುವ ಗಳಿಗೆಗೇ ಬೀಳುತ್ತದೆ. ಆಗ ಲಿಂಕ್ ದೀಪವೇನೋ ಉರಿಯುತ್ತದೆ, ನೆಟ್‌ವರ್ಕ್ ತಾನಾಗಿ ಕೊಡುವ ಡಿಎಚ್‌ಸಿಪಿ ವಿಳಾಸ ಮಾತ್ರ ಬರುವುದಿಲ್ಲ. 100 ಮೆಗಾಬಿಟ್‌ಗೆ ಇಳಿಸಿದರೆ ಕ್ಲಾಕ್ 25 ಮೆಗಾಹರ್ಟ್ಸ್‌ಗೆ ಬಂದು ದೋಷ ಮುಚ್ಚಿಹೋಗುತ್ತದೆ. ಡಿವೈಸ್ ಟ್ರೀಯಲ್ಲಿ ಫೈ-ಮೋಡ್ ‘ಆರ್‌ಜಿಎಂಐಐ-ಐಡಿ’ (ತಡವನ್ನು ಫೈ ಸೇರಿಸಲಿ) ಎಂದು ಬರೆದಿದ್ದರೂ ರಿಯಲ್‌ಟೆಕ್ ಫೈ ಡ್ರೈವರ್ ಕರ್ನಲ್ ಕಾನ್ಫಿಗ್‌ನಲ್ಲಿ ಇರಲೇಬೇಕು, ಜೆನೆರಿಕ್ ಡ್ರೈವರ್ ಈ ತಡವನ್ನು ಮುಟ್ಟುವುದೇ ಇಲ್ಲ. ಎರಡೂ ವೇಗದಲ್ಲಿ ಈಥ್‌ಟೂಲ್ ಎಂಬ ಸಾಧನ ತೋರಿಸುವ ಸಿಆರ್‌ಸಿ ದೋಷಗಳನ್ನು (ಕೆಟ್ಟುಬಂದ ಪ್ಯಾಕೆಟ್‌ಗಳ ಎಣಿಕೆ) ಬರೆದಿಟ್ಟು ಹೋಲಿಸಿದ ಕುವೆಂಪುನಗರದ ಗೆಳೆಯರಿಗೆ ದೊಡ್ಡ ಋಣ. ಅವರ ಆ ಪಟ್ಟಿ ಇಲ್ಲದಿದ್ದರೆ ನಾವೆಲ್ಲ ಕೇಬಲ್ಲನ್ನೇ ದೂರುತ್ತ ಕೂತಿರುತ್ತಿದ್ದೆವು.

ಮಂಡ್ಯದ ಪರೀಕ್ಷಕರು ಕರೆಂಟ್ ತೆಗೆದು ಹಾಕುವುದನ್ನೂ ‘ರೀಬೂಟ್’ ಕೊಡುವುದನ್ನೂ ಬೇರೆಬೇರೆಯಾಗಿ ನೋಡಿದರು. ಮೊದಲನೆಯದಕ್ಕೆ ಬೋರ್ಡ್ ಏಳುತ್ತದೆ, ಎರಡನೆಯದಕ್ಕೆ ಎಸ್‌ಡಿ ಕಾರ್ಡ್ ಸಿಗದೆ ನಿಂತುಬಿಡುತ್ತದೆ. ವೇಗದ ಮೋಡ್‌ನಲ್ಲಿ ಕಾರ್ಡ್ 1.8 ವೋಲ್ಟ್‌ಗೆ ಇಳಿದಿರುತ್ತದೆ, ಚಿಪ್‌ನೊಳಗೆ ಮೊದಲು ಓಡುವ ಬೂಟ್‌ರಾಮ್ ಮಾತಾಡುವುದು 3.3ರಲ್ಲಿ. ಡಿವೈಸ್ ಟ್ರೀಯಲ್ಲಿ ಕಾರ್ಡಿಗೆ ವಿದ್ಯುತ್ ಕೊಡುವ ರೆಗ್ಯುಲೇಟರ್‌ಗೆ ‘ಆಲ್ವೇಸ್-ಆನ್’ ಎಂದಿದ್ದರೆ ನಡುವೆ ವಿದ್ಯುತ್ ಕಡಿಯುವುದೇ ಇಲ್ಲ, ಕಾರ್ಡ್ 3.3ಕ್ಕೆ ಮರಳುವುದೂ ಇಲ್ಲ. ಆ ಸಾಲು ತೆಗೆದು, ರೆಗ್ಯುಲೇಟರನ್ನು ಜಿಪಿಐಒಗೆ (ಸಾಫ್ಟ್‌ವೇರ್ ಆನ್-ಆಫ್ ಮಾಡಬಲ್ಲ ಪಿನ್) ಕಟ್ಟಿ, ಕಾರ್ಡಿನ ವಿದ್ಯುತ್ ಮೂಲವನ್ನು ಹೇಳುವ ವಿಎಂಎಂಸಿ-ಸಪ್ಲೈಗೆ ಕೊಡಬೇಕು. ಇಷ್ಟು ನಿಖರವಾದ ದೂರು ಸಿಕ್ಕರೆ ಅರ್ಧ ಕೆಲಸ ಆದಂತೆಯೇ.

ಪ್ಯಾಚ್‌ಗಳನ್ನು ತಿದ್ದಿಸಿದ ಕರ್ನಲ್ ಮೇಂಟೇನರ್‌ಗಳಿಗೂ ಕೃತಜ್ಞತೆಗಳು. ಬೈಂಡಿಂಗ್ (ಡಿವೈಸ್ ಟ್ರೀ ಬರೆಯುವ ನಿಯಮ) ಮೊದಲು, ಡಿಟಿಎಸ್ (ಡಿವೈಸ್ ಟ್ರೀಯ ಮೂಲ ಕಡತ) ಆಮೇಲೆ, ಒಂದು ಪ್ಯಾಚ್‌ಗೆ ಒಂದೇ ಬದಲಾವಣೆ, ಆ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ಡಿಟಿಬಿಎಸ್_ಚೆಕ್‌ನಲ್ಲಿ ಹೊಸ ಎಚ್ಚರಿಕೆ ಒಂದೂ ಇರಕೂಡದು ಎಂದು ಅವರು ಹಿಡಿದ ಪಟ್ಟು ಸರಿಯೇ ಆಗಿತ್ತು.

ಎಸ್‌ಎಸ್‌ಡಿಯಂಥ ಕಾರ್ಡ್ ಕೂರಿಸುವ ಎಂ.2 ಸ್ಲಾಟ್‌ನ ಪರೀಕ್ಷೆ ಇನ್ನೂ ಬಾಕಿ. ಬೋರ್ಡ್ ಇಟ್ಟುಕೊಂಡಿರುವವರು ಲಿನಕ್ಸ್-ನೆಕ್ಸ್ಟ್ (ಮುಂದಿನ ಕರ್ನಲ್‌ನ ಪೂರ್ವರೂಪ) ಕಟ್ಟಿ, ಪೂರ್ತಿ ಬೂಟ್ ಲಾಗ್ ಜೊತೆಗೆ ಬೋರ್ಡ್ ಮೇಲೆ ಅಚ್ಚಾಗಿರುವ ಆವೃತ್ತಿ ಸಂಖ್ಯೆಯನ್ನೂ ಕಳಿಸಿ.